ಲುಕ್ರೀಷಿಯಸ್ ಬರೆದದ್ದೇ ನಮ್ಮ ಕೈಗೆ ಬಂದಿದೆಯಾ? ಹಳೇ ಗ್ರೀಕ್, ಲ್ಯಾಟಿನ್ ಹಸ್ತಪ್ರತಿಗಳ ಬಗ್ಗೆ

ಸಂಪಿಗೆಮರ

ಒಂದು ವಾರದಿಂದ ಲುಕ್ರೀಷಿಯಸ್ ಓದುತ್ತಿದ್ದೇನೆ, ಇಂಗ್ಲಿಷ್ ಅನುವಾದದಲ್ಲಿ. ಎರಡು ಸಾವಿರ ವರ್ಷ ಹಳೆಯ ಲ್ಯಾಟಿನ್ ಕಾವ್ಯ. ಎಲ್ಲವೂ ಅಣುಗಳಿಂದ ಆಗಿದೆ, ಸಾವಿಗೆ ಹೆದರಬೇಡಿ ಅನ್ನುತ್ತಾನೆ. ಮೊದಲನೇ ಭಾಗ ಮುಗಿಯುವ ಹೊತ್ತಿಗೆ ಒಂದು ಕಡೆ ಸಾಲುಗಳು ಅರ್ಧಕ್ಕೇ ನಿಂತಿವೆ. ಇನ್ನು ಸ್ವಲ್ಪ ಮುಂದೆ ಬರೀ ಚುಕ್ಕಿಗಳು. ಕೆಳಗೆ, ಇಲ್ಲಿ ಎಂಟು ಸಾಲು ಕಳೆದುಹೋಗಿವೆ ಅಂತ ಟಿಪ್ಪಣಿ.

ಅಲ್ಲಿಗೆ ಓದು ನಿಂತುಹೋಯಿತು. ಕಳೆದುಹೋದ ಸಾಲು ಎಂಟೇ ಅಂತ ಹೇಗೆ ಗೊತ್ತಾಯಿತು? ಏಳಲ್ಲ, ಹತ್ತಲ್ಲ, ಎಂಟು. ಎಂಟು ಕಳೆದಿರಬಹುದಾದರೆ ಉಳಿದ ಏಳು ಸಾವಿರ ಚಿಲ್ಲರೆ ಸಾಲುಗಳು ಅವನವೇ ಅಂತ ನಂಬುವುದು ಹೇಗೆ? ಇದರ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಓಲೆಗರಿ

ಒಳ್ಳೆ ಜಾಗದಲ್ಲೇ ನಿಂತಿದ್ದೀರಿ. ಗ್ರಂಥಸಂಪಾದನೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವ ಮೊದಲ ಕತೆ ಅದೇ ಎಂಟು ಸಾಲಿನದು.

ಲುಕ್ರೀಷಿಯಸ್ ತೀರಿಕೊಂಡದ್ದು ಕ್ರಿಸ್ತಪೂರ್ವ 55ರ ಸುಮಾರಿಗೆ. ಅವನ ಕಾವ್ಯದ ಪೂರ್ತಿ ಹಸ್ತಪ್ರತಿಗಳಲ್ಲಿ ಅತ್ಯಂತ ಹಳೆಯವು ಎರಡು, ಎರಡೂ 9ನೇ ಶತಮಾನದವು. ಅಂದರೆ ನಡುವೆ ಸುಮಾರು 900 ವರ್ಷ. ಈಗ ಎರಡೂ ನೆದರ್‌ಲ್ಯಾಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿವೆ. ಒಂದು ಉದ್ದನೆಯದು, ಅದಕ್ಕೆ ‘ಓಬ್ಲಾಂಗಸ್’ ಅಂತ ಹೆಸರು. ಇನ್ನೊಂದು ಚೌಕ, ಅದು ‘ಕ್ವಾಡ್ರಾಟಸ್’. ಎರಡನ್ನೂ ಚರ್ಮದ ಹಾಳೆಯ ಮೇಲೆ ಬರೆದಿದ್ದಾರೆ.

ಈಗ ಲೆಕ್ಕ ನೋಡಿ. ಅರ್ಧಕ್ಕೆ ನಿಂತ ಸಾಲುಗಳು 1068ರಿಂದ 1075, ಒಟ್ಟು ಎಂಟು. ಪೂರ್ತಿ ಹೋಗಿರುವ ಸಾಲುಗಳು 1094ರಿಂದ 1101, ಅವೂ ಎಂಟು. 1094ರಲ್ಲಿ 1068 ಕಳೆಯಿರಿ. 26. ಅಂದರೆ ಈ ಎರಡೂ ಪ್ರತಿಗಳ ಹಿಂದೆ ಇದ್ದ ಒಂದು ಹಳೇ ಪುಸ್ತಕದಲ್ಲಿ ಪುಟಕ್ಕೆ 26 ಸಾಲು ಇದ್ದವು, ಮತ್ತು ಒಂದು ಹಾಳೆಯ ಹೊರಗಿನ ಮೂಲೆ ಹರಿದಿತ್ತು. ಹಾಳೆಯ ಮುಂದಿನ ಮುಖದಲ್ಲಿ ಹೊರಗಿನ ಮೂಲೆ ಬಲಕ್ಕೆ ಬರುತ್ತದೆ, ಹಾಗಾಗಿ ಎಂಟು ಸಾಲಿನ ಬಾಲ ಹೋಯಿತು. ಹಾಳೆ ತಿರುಗಿಸಿದರೆ ಅದೇ ಮೂಲೆ ಎಡಕ್ಕೆ ಬರುತ್ತದೆ, ಎಂಟು ಸಾಲಿನ ತಲೆ ಹೋಯಿತು. ಬಾಲ ಇಲ್ಲದ ಸಾಲನ್ನು ಇದ್ದಷ್ಟು ನಕಲು ಮಾಡಬಹುದು. ತಲೆಯೇ ಇಲ್ಲದ ಸಾಲಿನಲ್ಲಿ ಅರ್ಥ ಹಿಡಿಯುವುದು ಕಷ್ಟ, ಅದಕ್ಕೆ ಆ ಎಂಟನ್ನು ಬಿಟ್ಟೇಬಿಟ್ಟರು.

ಆ ಹರಿದ ಪುಸ್ತಕವನ್ನು ಈಗಿನ ಯಾರೂ ನೋಡಿಲ್ಲ, ಅದು ಇಲ್ಲವೇ ಇಲ್ಲ. ಆದರೂ ಅದಕ್ಕೆ ಪುಟಕ್ಕೆ ಎಷ್ಟು ಸಾಲು, ಯಾವ ಮೂಲೆ ಹರಿದಿತ್ತು ಅಂತ ನಮಗೆ ಗೊತ್ತು.

ಸಂಪಿಗೆಮರ

ಮೈ ಜುಮ್ ಅಂದಿತು ಓದಿ. ಇದು ಒಂದೇ ಕಡೆ ಹೊಂದಿದ ಲೆಕ್ಕ ಅಲ್ಲ ತಾನೇ? ಬೇರೆ ಸಾಕ್ಷಿ ಇದೆಯಾ?

ಓಲೆಗರಿ

ಇದೆ, ಇನ್ನೂ ಗಟ್ಟಿ ಸಾಕ್ಷಿ. ಕ್ವಾಡ್ರಾಟಸ್‌ನಲ್ಲಿ ನಾಲ್ಕು ತುಂಡುಗಳು ಅವುಗಳ ಜಾಗದಲ್ಲಿ ಇಲ್ಲ. ಒಂದು ಮೊದಲನೇ ಭಾಗದ್ದು, ಎರಡು ಎರಡನೇ ಭಾಗದವು, ಒಂದು ಐದನೆಯದ್ದು. ನಾಲ್ಕೂ ಪುಸ್ತಕದ ಕೊನೆಯಲ್ಲಿ ಒಟ್ಟಿಗೆ ಬಂದು ಕೂತಿವೆ. ಎಣಿಸಿದರೆ ಮೂರು ತುಂಡಿನಲ್ಲಿ 52 ಸಾಲು, ಒಂದರಲ್ಲಿ 50, ಅದರ ಜೊತೆಗೆ ನಡುವಿನ ಶೀರ್ಷಿಕೆಗಳು. 52 ಅಂದರೆ 26ರ ಎರಡರಷ್ಟು, ಸರಿಯಾಗಿ ಒಂದು ಹಾಳೆ. ನಾಲ್ಕು ಹಾಳೆ ಹೊಲಿಗೆ ಬಿಟ್ಟು ಉದುರಿವೆ. ಯಾರೋ ಎತ್ತಿ ಕೊನೆಯಲ್ಲಿ ಸೇರಿಸಿಟ್ಟಿದ್ದಾರೆ. ಓಬ್ಲಾಂಗಸ್‌ನಲ್ಲಿ ಇವು ಸರಿಯಾದ ಜಾಗದಲ್ಲೇ ಇವೆ, ಅಂದರೆ ಓಬ್ಲಾಂಗಸ್ ಇಳಿದು ಬಂದ ನಕಲನ್ನು ಹಾಳೆ ಉದುರುವ ಮೊದಲೇ ಮಾಡಿಕೊಂಡಿದ್ದರು.

ಇದನ್ನೆಲ್ಲ ಜೋಡಿಸಿ 1850ರಲ್ಲಿ ಹೊಸ ಆವೃತ್ತಿ ತಂದವರು ಜರ್ಮನಿಯ ಕಾರ್ಲ್ ಲಾಖ್‌ಮನ್. ಅವರು ಇನ್ನೂ ಮುಂದೆ ಹೋಗಿ ಆ ಕಳೆದ ಪುಸ್ತಕಕ್ಕೆ 302 ಪುಟ ಇದ್ದವು ಅಂತಲೂ ಲೆಕ್ಕ ಕೊಟ್ಟರು.

ಕರಾವಳಿಗಾಳಿ

ಒಂದು ಗೊಂದಲ. 1417ರಲ್ಲಿ ಪೊಜ್ಜೊ ಬ್ರಾಚೊಲೀನಿ ಅನ್ನುವವನು ಲುಕ್ರೀಷಿಯಸ್‌ನನ್ನು ಜರ್ಮನಿಯ ಯಾವುದೋ ಮಠದಲ್ಲಿ ಕಂಡುಹಿಡಿದ ಅಂತ ಓದಿದ್ದೆ. ಹಾಗಾದರೆ 9ನೇ ಶತಮಾನದ ಈ ಎರಡು ಪ್ರತಿ ಎಲ್ಲಿದ್ದವು?

ಓಲೆಗರಿ

ಅವೂ ಯುರೋಪಿನಲ್ಲೇ ಇದ್ದವು, ಬೇರೆ ಬೇರೆ ಮಠ, ಚರ್ಚುಗಳ ಕಪಾಟಿನಲ್ಲಿ. ಪೊಜ್ಜೊಗೆ ಸಿಕ್ಕಿದ್ದು ಇನ್ನೊಂದು ಪ್ರತಿ. ಅವನು ಅದರ ನಕಲು ಮಾಡಿಸಿ ಫ್ಲಾರೆನ್ಸಿನ ಗೆಳೆಯ ನಿಕೊಲೊ ನಿಕೊಲಿಗೆ ಕಳಿಸಿದ. ನಿಕೊಲಿ ತನ್ನ ಕೈಯಲ್ಲೇ ಅದನ್ನು ನಕಲು ಮಾಡಿದ, ಆದರೆ ವಾಪಸ್ ಕೊಡಲಿಲ್ಲ. ಹತ್ತು ವರ್ಷದ ಮೇಲೂ ಪೊಜ್ಜೊ ಪತ್ರದಲ್ಲಿ ಕೇಳುತ್ತಲೇ ಇದ್ದ, ನನ್ನ ಲುಕ್ರೀಷಿಯಸ್ ಕೊಡು ಅಂತ. ಪೊಜ್ಜೊನ ಪ್ರತಿ ಈಗ ಇಲ್ಲ. ನಿಕೊಲಿ ಬರೆದದ್ದು ಫ್ಲಾರೆನ್ಸಿನಲ್ಲಿ ಇದೆ. ಪುಸ್ತಕ ಇಸಕೊಂಡು ಇಟ್ಟುಕೊಂಡವನೇ ಅದನ್ನು ಉಳಿಸಿದ.

‘ಕಂಡುಹಿಡಿದ’ ಅನ್ನುವ ಮಾತು ನನಗೆ ಅಷ್ಟು ಒಗ್ಗುವುದಿಲ್ಲ. ಪೊಜ್ಜೊಗಿಂತ ಆರು ನೂರು ವರ್ಷ ಮೊದಲು ಯಾರೋ ಸನ್ಯಾಸಿಗಳು ಚಳಿಯಲ್ಲಿ ಕೂತು, ತಮ್ಮ ಧರ್ಮಕ್ಕೆ ಪೂರ್ತಿ ವಿರುದ್ಧವಾದ ಕಾವ್ಯವನ್ನು ಸಾಲುಸಾಲಾಗಿ ನಕಲು ಮಾಡದೇ ಇದ್ದಿದ್ದರೆ ಪೊಜ್ಜೊಗೆ ಕಂಡುಹಿಡಿಯಲು ಏನೂ ಇರುತ್ತಿರಲಿಲ್ಲ. ಓಬ್ಲಾಂಗಸ್‌ನಲ್ಲಿ ಬೇರೆ ಕೈಯ ತಿದ್ದುಪಡಿಗಳಿವೆ. ಆ ಕೈ ಐರ್ಲೆಂಡಿನ ಡುಂಗಾಲ್ ಅನ್ನುವ ವಿದ್ವಾಂಸನದ್ದು ಅಂತ ಅಕ್ಷರದ ವಾಟದಿಂದಲೇ ಗುರುತಿಸಿದ್ದಾರೆ. ದೇವರಿಗೆ ಹೆದರಬೇಡಿ ಅನ್ನುವ ಕಾವ್ಯದ ತಪ್ಪುಗಳನ್ನು ದೇವರ ಕೆಲಸಕ್ಕೆ ನಿಂತವನೊಬ್ಬ ಜೋಪಾನವಾಗಿ ತಿದ್ದಿದ್ದಾನೆ.

ನೀಲಿಶಾಯಿ

ಸರ್, ಒಂದು ಹೇಳಲಾ? ನಮ್ಮ ಮನೆಯಲ್ಲಿ ಇದೇ ನಡೆದಿದೆ.

ಅಜ್ಜಿಯ ಹತ್ತಿರ ಒಂದು ಹಾಡಿನ ನೋಟ್‌ಬುಕ್ ಇತ್ತು. ಮದುವೆ ಹಾಡು, ಆರತಿ ಹಾಡು, ಬಾಣಂತಿ ಹಾಡು. ಅದರಿಂದ ಚಿಕ್ಕಮ್ಮ ಬರೆದುಕೊಂಡರು, ದೊಡ್ಡಮ್ಮ ಬರೆದುಕೊಂಡರು, ಆಮೇಲೆ ಮಕ್ಕಳು ಅವರವರಿಂದ ಬರೆದುಕೊಂಡರು. ಹೋದ ವರ್ಷ ತಂಗಿಯ ಮದುವೆಗೆ ಎಲ್ಲರೂ ಒಂದೊಂದು ನೋಟ್‌ಬುಕ್ ತಂದಾಗ ಐದು ಪ್ರತಿ ಆಯಿತು. ಒಂದು ಹಾಡಿನಲ್ಲಿ ಪ್ರತಿ ನುಡಿಯೂ ‘ಸೋಬಾನವೆ’ ಅಂತ ಮುಗಿಯುತ್ತದೆ. ಮೂರು ನೋಟ್‌ಬುಕ್‌ನಲ್ಲಿ ಮಲ್ಲಿಗೆ ದಂಡೆಯ ನುಡಿ ಇಲ್ಲ. ಎರಡರಲ್ಲಿ ಇದೆ. ಒಂದು ‘ಸೋಬಾನವೆ’ ಬರೆದು ತಲೆ ಎತ್ತಿ ಮತ್ತೆ ನೋಡುವಾಗ ಕಣ್ಣು ಮುಂದಿನ ನುಡಿಯ ‘ಸೋಬಾನವೆ’ ಮೇಲೆ ಕೂತಿದೆ, ಅಷ್ಟೇ. ವಿಚಾರಿಸಿದರೆ ಮೂರೂ ಚಿಕ್ಕಮ್ಮನ ಮನೆ ಕಡೆಯವು.

ಓಲೆಗರಿ

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ನೀವು ಹೇಳಿದ ಕಣ್ಣಿನ ಜಿಗಿತ ಗ್ರೀಕ್, ಲ್ಯಾಟಿನ್ ಹಸ್ತಪ್ರತಿಗಳಲ್ಲಿ ಅತಿ ಸಾಮಾನ್ಯ. ಎರಡು ಸಾಲು ಒಂದೇ ಪದದಿಂದ ಮುಗಿದರೆ ನಡುವಿನದು ಮಾಯ.

ನೀವು ಅದಕ್ಕಿಂತ ದೊಡ್ಡ ವಿಷಯ ಒಂದನ್ನು ಮಾಡಿದ್ದೀರಿ. ಮೂರು ನೋಟ್‌ಬುಕ್ ಒಂದೇ ಮನೆಯವು ಅಂತ ಹೇಳಿದ್ದು ಯಾವುದು? ಅವುಗಳಲ್ಲಿ ಸರಿ ಇರುವ ನುಡಿಗಳಲ್ಲ. ಸರಿ ಇರುವುದು ಐದರಲ್ಲೂ ಇದೆ, ಅದರಿಂದ ಏನೂ ತಿಳಿಯುವುದಿಲ್ಲ. ಒಂದೇ ತಪ್ಪು ಮೂರು ಕಡೆ ಇದ್ದಾಗ ಮಾತ್ರ ಆ ಮೂರಕ್ಕೂ ಒಬ್ಬ ತಾಯಿ ಇದ್ದಾಳೆ ಅಂತ ಗೊತ್ತಾಗುತ್ತದೆ. ಇಡೀ ವಿಧಾನ ನಿಂತಿರುವುದು ಇದರ ಮೇಲೆ. ಪ್ರತಿಗಳನ್ನು ಅಕ್ಷರ ಅಕ್ಷರ ಹೋಲಿಸಿ, ಹಂಚಿಕೊಂಡ ತಪ್ಪುಗಳನ್ನು ಪಟ್ಟಿ ಮಾಡಿ, ವಂಶವೃಕ್ಷ ಬರೆಯುತ್ತಾರೆ. ಅದಾದ ಮೇಲೆ ‘ಐವತ್ತು ಪ್ರತಿಗಳಲ್ಲಿ ಹೀಗಿದೆ, ಎರಡರಲ್ಲಿ ಹಾಗಿದೆ’ ಅನ್ನುವ ಮಾತಿಗೆ ಬೆಲೆ ಇರುವುದಿಲ್ಲ. ಐವತ್ತೂ ಒಂದೇ ತಾಯಿಯ ಮಕ್ಕಳಾದರೆ ಅದು ಒಂದೇ ವೋಟು.

ಈ ವಿಧಾನಕ್ಕೆ ಲಾಖ್‌ಮನ್ ಹೆಸರು ಅಂಟಿಕೊಂಡಿದೆ. ಅವರಿಗಿಂತ ಮುಂಚೆಯೂ, ಅವರ ಜೊತೆಯಲ್ಲೂ ಹಲವರು ಇದಕ್ಕೆ ದುಡಿದಿದ್ದಾರೆ ಅಂತ ಇಟಲಿಯ ಸೆಬಾಸ್ಟಿಯಾನೊ ಟಿಂಪನಾರೊ 1963ರಲ್ಲಿ ವಿವರವಾಗಿ ತೋರಿಸಿದರು.

ಕಣಜ

ನಾನು ಜೀವವಿಜ್ಞಾನದವಳು. ಈ ವಂಶವೃಕ್ಷ ನೋಡಿ ನನ್ನದೇ ಕೆಲಸ ನೋಡಿದ ಹಾಗಾಯಿತು. ಡಿಎನ್‌ಎ ನಕಲಾಗುವಾಗ ಆಗುವ ತಪ್ಪು ಹಿಡಿದುಕೊಂಡೇ ನಾವೂ ಯಾವ ಜೀವಿ ಯಾವುದಕ್ಕೆ ಹತ್ತಿರ ಅಂತ ಹೇಳುವುದು. 1998ರಲ್ಲಿ ಚಾಸರ್‌ನ ಇಂಗ್ಲಿಷ್ ಹಸ್ತಪ್ರತಿಗಳನ್ನು ನಮ್ಮ ಸಾಫ್ಟ್‌ವೇರಿಗೇ ಹಾಕಿ ವೃಕ್ಷ ಮಾಡಿದ ಲೇಖನ ‘ನೇಚರ್’ ಪತ್ರಿಕೆಯಲ್ಲೇ ಬಂದಿತ್ತು.

ಆದರೆ ನಮ್ಮಲ್ಲಿ ಒಂದು ತೊಂದರೆ ಇದೆ. ಬ್ಯಾಕ್ಟೀರಿಯಾಗಳು ಪಕ್ಕದವರಿಂದಲೂ ಜೀನ್ ತೆಗೆದುಕೊಳ್ಳುತ್ತವೆ, ಆಗ ವೃಕ್ಷ ಕೆಡುತ್ತದೆ. ಪುಸ್ತಕದಲ್ಲೂ ಹಾಗೆ ಆಗುತ್ತದಾ?

ಓಲೆಗರಿ

ಆಗುತ್ತದೆ, ತುಂಬ. ಓದಿದ ಲಿಪಿಕಾರ ಪಕ್ಕದಲ್ಲಿ ಇನ್ನೊಂದು ಪ್ರತಿ ಇಟ್ಟುಕೊಂಡು, ಎರಡರಿಂದಲೂ ಆರಿಸಿ ಬರೆಯುತ್ತಾನೆ. ಅವನ ಲೆಕ್ಕದಲ್ಲಿ ಒಳ್ಳೇ ಕೆಲಸ. ನಮಗೆ ರಕ್ತಸಂಬಂಧ ಗುರುತಿಸಲು ಆಗದ ಹಾಗಾಗುತ್ತದೆ. ಜಾರ್ಜೊ ಪಾಸ್ಕ್ವಾಲಿ 1934ರಲ್ಲಿ ಇದನ್ನೇ ಒತ್ತಿ ಹೇಳಿದರು. ಇತ್ತೀಚಿನ ಪ್ರತಿ ಅಂದ ಮಾತ್ರಕ್ಕೆ ಕೆಟ್ಟ ಪ್ರತಿ ಅಲ್ಲ ಅನ್ನುವುದೂ ಅವರದೇ ಮಾತು. 15ನೇ ಶತಮಾನದ ಪ್ರತಿಗೆ ಈಗ ಕಳೆದುಹೋದ ಒಂದು ಹಳೇ ಪ್ರತಿಯ ಒಳ್ಳೇ ಪಾಠ, ಅಂದರೆ ಆ ಜಾಗದಲ್ಲಿ ಬರೆದಿದ್ದ ಸರಿಯಾದ ಮಾತು, ಸಿಕ್ಕಿರಬಹುದು.

ಹೆತ್ತ ತಾಯಿ ಯಾರು ಅಂತ ಖಚಿತವಾಗಿ ಸಿಕ್ಕ ಪ್ರಸಂಗವೂ ಇದೆ, ಕೇಳಿ. ಹಳೇ ಗ್ರೀಕ್ ನಾಟಕಕಾರ ಯೂರಿಪಿಡೀಸ್‌ನ ಕೆಲವು ನಾಟಕಗಳಿಗೆ ಆಧಾರ 14ನೇ ಶತಮಾನದ ಎರಡೇ ಪ್ರತಿ, ‘ಎಲ್’ ಮತ್ತು ‘ಪಿ’. ಪಿ ಅನ್ನುವುದು ಎಲ್‌ನ ನಕಲಾ, ಇಲ್ಲಾ ಎರಡೂ ಅಕ್ಕತಂಗಿಯರಾ ಅಂತ ತುಂಬ ವರ್ಷ ಜಗಳ. ನಕಲಾದರೆ ಪಿಯನ್ನು ಪಕ್ಕಕ್ಕಿಡಬಹುದು. ಅಕ್ಕತಂಗಿಯರಾದರೆ ಎರಡರ ಮಾತನ್ನೂ ಕೇಳಬೇಕು. ಗುಂಟರ್ ಝುಂಟ್ಸ್ ಅನ್ನುವ ವಿದ್ವಾಂಸ ಫ್ಲಾರೆನ್ಸಿಗೆ ಹೋಗಿ ಎಲ್ ಪ್ರತಿಯನ್ನೇ ಮುಂದಿಟ್ಟುಕೊಂಡು ನೋಡಿದರು. ‘ಹೆಲೆನ್’ ನಾಟಕದ ಒಂದು ಸಾಲಿನಲ್ಲಿ, ಪಿಯಲ್ಲಿ ಅರ್ಥವೇ ಇಲ್ಲದ ಒಂದು ವಿರಾಮ ಚಿಹ್ನೆ ಇದೆ. ಎಲ್‌ನಲ್ಲಿ ಅದೇ ಜಾಗದಲ್ಲಿ ಅಂಥದ್ದೇ ಗುರುತು. ಹತ್ತಿರದಿಂದ ನೋಡಿದರೆ ಅದು ಶಾಯಿಯಲ್ಲ. ಕಾಗದ ಮಾಡುವಾಗ ಸೇರಿಕೊಂಡ ಹುಲ್ಲಿನ ಚೂರು! ಪಿ ಬರೆದವನು ಆ ಹುಲ್ಲಿನ ಚೂರನ್ನು ಚಿಹ್ನೆ ಅಂದುಕೊಂಡು ನಕಲು ಮಾಡಿದ್ದ. ಹುಲ್ಲು ಇರುವುದು ಒಂದೇ ಕಾಗದದಲ್ಲಿ, ಆದ್ದರಿಂದ ಅಮ್ಮ ಅದೇ.

ಫೋಟೋ ನೋಡಿ ಇದನ್ನು ಹೇಳಲು ಆಗುತ್ತಿರಲಿಲ್ಲ. ಪುಸ್ತಕದ ಹತ್ತಿರ ಹೋಗಿ ಕೂರಲೇಬೇಕು.

ಕರಾವಳಿಗಾಳಿ

ಯೂರಿಪಿಡೀಸ್ ಅಂದ ಮೇಲೆ ಇನ್ನೊಂದು. ಅವನು ತೊಂಬತ್ತರಷ್ಟು ನಾಟಕ ಬರೆದ ಅಂತಾರೆ, ಸಿಕ್ಕಿದ್ದು ಇಪ್ಪತ್ತಕ್ಕೂ ಕಡಿಮೆ. ಅಲೆಕ್ಸಾಂಡ್ರಿಯಾ ಲೈಬ್ರರಿ ಸುಟ್ಟದ್ದಕ್ಕೆ ತಾನೇ ಇಷ್ಟೆಲ್ಲ ಹೋದದ್ದು? ಉಳಿದದ್ದನ್ನು ಅರಬರು ಉಳಿಸಿದರು ಅಂತಲೂ ಎಲ್ಲ ಕಡೆ ಓದುತ್ತೇನೆ.

ಓಲೆಗರಿ

ಎರಡೂ ಅರ್ಧ ಸತ್ಯ. ಒಂದು ಲೈಬ್ರರಿ ಸುಟ್ಟರೆ ಒಂದು ಲೈಬ್ರರಿ ಹೋಗುತ್ತದೆ, ಪುಸ್ತಕಗಳು ಬೇರೆ ಊರುಗಳಲ್ಲೂ ಇರುತ್ತವೆ. ಹೆಚ್ಚಿನ ಪುಸ್ತಕ ಹೋದದ್ದು ಬೆಂಕಿಯಿಂದಲ್ಲ, ಯಾರೂ ನಕಲು ಮಾಡದೇ ಬಿಟ್ಟದ್ದರಿಂದ. ಪಪೈರಸ್ ಸುರುಳಿಯಿಂದ ಹೊಲಿದ ಪುಸ್ತಕಕ್ಕೆ ಬಂದಾಗ ಒಂದು ಜರಡಿ. ಆಮೇಲೆ 9ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ ಕಡೆ ದೊಡ್ಡಕ್ಷರ ಬಿಟ್ಟು ಕೂಡುಬರಹಕ್ಕೆ ಬಂದಾಗ ಇನ್ನೊಂದು ಜರಡಿ. ಹೊಸ ಬರಹಕ್ಕೆ ಇಳಿಯದ ಪುಸ್ತಕವನ್ನು ಮುಂದೆ ಯಾರೂ ಓದಲಿಲ್ಲ. ಅದೇ ಶತಮಾನದಲ್ಲಿ ಆ ಊರಿನ ಪಂಡಿತ ಫೋಟಿಯಸ್ ತಾನು ಓದಿದ ಸುಮಾರು 280 ಪುಸ್ತಕಗಳ ಬಗ್ಗೆ ಬರೆದಿಟ್ಟಿದ್ದಾನೆ. ಅವುಗಳಲ್ಲಿ ಎಷ್ಟೋ ಈಗ ಇಲ್ಲ. 1204ರಲ್ಲಿ ಕ್ರುಸೇಡಿನವರು ಅದೇ ಊರನ್ನು ಲೂಟಿ ಮಾಡಿದರು.

ಯೂರಿಪಿಡೀಸ್‌ನ ಹತ್ತು ನಾಟಕ ಉಳಿದದ್ದು ಪಾಠ ಹೇಳಲು ಬಳಸುತ್ತಿದ್ದರು ಅಂತ. ಉಳಿದ ಒಂಬತ್ತರ ಹೆಸರು ನೋಡಿ, ಎಲ್ಲವೂ ಗ್ರೀಕ್ ಅಕ್ಷರಮಾಲೆಯಲ್ಲಿ ಅಕ್ಕಪಕ್ಕ. ಹೆಲೆನ್, ಎಲೆಕ್ಟ್ರಾ, ಹೆರಾಕ್ಲೀಸ್, ಇಯಾನ್, ಎರಡು ಇಫಿಜೀನಿಯಾ, ಸೈಕ್ಲಾಪ್ಸ್, ಹೀಗೆ. ಅಕಾರಾದಿಯಾಗಿ ಜೋಡಿಸಿದ್ದ ಸಮಗ್ರ ಸಂಪುಟದ ಒಂದು ಭಾಗ ಯಾರದೋ ಕೈಗೆ ಸಿಕ್ಕಿ ಉಳಿಯಿತು. ಉಳಿದ ಅಕ್ಷರಗಳ ಭಾಗಗಳು ಹೋದವು. ಅವು ಶ್ರೇಷ್ಠ ಅಂತ ಯಾರೂ ಆರಿಸಿದ್ದಲ್ಲ, ಕಪಾಟಿನಲ್ಲಿ ಆ ಅಕ್ಷರದ ಕೆಳಗೆ ಇದ್ದವು, ಅಷ್ಟೇ.

ಅರಬರ ವಿಷಯ. ಗ್ರೀಕ್ ನಾಟಕ, ಕಾವ್ಯಗಳು ನಮಗೆ ಬಂದದ್ದು ಗ್ರೀಕಿನಲ್ಲೇ, ಕಾನ್‌ಸ್ಟಾಂಟಿನೋಪಲ್ ದಾರಿಯಾಗಿ. ಬಾಗ್ದಾದಿನಲ್ಲಿ ಅನುವಾದ ಆದದ್ದು ವೈದ್ಯ, ಗಣಿತ, ತತ್ವಶಾಸ್ತ್ರ. ಅಲ್ಲಿ ಮಾತ್ರ ಅವರ ಋಣ ನಿಜವಾಗಿಯೂ ದೊಡ್ಡದು. ಶಂಕುಛೇದಗಳ ಬಗ್ಗೆ ಅಪೊಲೋನಿಯಸ್ ಬರೆದದ್ದರಲ್ಲಿ 5ರಿಂದ 7ನೇ ಭಾಗ ಅರಬ್ಬಿಯಲ್ಲಿ ಮಾತ್ರ ಇವೆ. 9ನೇ ಶತಮಾನದ ಹುನೈನ್ ಇಬ್ನ್ ಇಸ್ಹಾಕ್ ಗೇಲನ್‌ನ ವೈದ್ಯಗ್ರಂಥ ಅನುವಾದಿಸುವ ಮೊದಲು ಹಲವು ಗ್ರೀಕ್ ಪ್ರತಿ ಕೂಡಿಸಿ, ಹೋಲಿಸಿ, ಒಂದು ಸರಿಯಾದ ಪ್ರತಿ ಮಾಡಿಕೊಂಡು ಆಮೇಲೆ ಅನುವಾದಕ್ಕೆ ಕೂರುತ್ತಿದ್ದೆ ಅಂತ ತಾನೇ ಬರೆದಿದ್ದಾನೆ. ಲಾಖ್‌ಮನ್‌ಗಿಂತ ಸಾವಿರ ವರ್ಷ ಮೊದಲು!

ಬಿಸಿಲುಮಚ್ಚು

ಸುಮ್ನೆ ಓದಿಕೊಂಡಿದ್ದೆ, ಈಗ ಒಂದು ತಕರಾರು. ಹೋಲಿಸುವುದು ಸರಿ, ವಂಶವೃಕ್ಷ ಸರಿ. ಆದರೆ ಈ ಸಂಪಾದಕರು ಯಾವ ಪ್ರತಿಯಲ್ಲೂ ಇಲ್ಲದ ಪದವನ್ನು ತಾವೇ ಊಹಿಸಿ ಕಾವ್ಯದ ಒಳಗೆ ಹಾಕುತ್ತಾರಲ್ಲ, ಅದು ಯಾವ ನ್ಯಾಯ? ಕವಿ ಬರೆದದ್ದನ್ನು ಮುಟ್ಟಲು ಇವರು ಯಾರು?

ಓಲೆಗರಿ

ಕವಿ ಬರೆದದ್ದು ನಮ್ಮ ಮುಂದೆ ಇಲ್ಲ, ಲಿಪಿಕಾರ ಬರೆದದ್ದು ಇದೆ. ಲ್ಯಾಟಿನ್ ಕವಿ ಕಟುಲ್ಲಸ್‌ನ ಪದ್ಯಗಳನ್ನೇ ತೆಗೆದುಕೊಳ್ಳಿ. 1300ರ ಸುಮಾರಿಗೆ ವೆರೋನಾದಲ್ಲಿ ಒಂದೇ ಒಂದು ಪ್ರತಿ ಕಾಣಿಸಿಕೊಂಡಿತು, ಆಮೇಲೆ ಅದೂ ಹೋಯಿತು. ಅದರಿಂದ ಇಳಿದು ಬಂದ ಪ್ರತಿಯೊಂದರಲ್ಲಿ, ಈಗ ಪ್ಯಾರಿಸ್ಸಿನಲ್ಲಿ ಇರುವುದು, ಲಿಪಿಕಾರ ಓದುಗರ ಕ್ಷಮೆ ಕೇಳಿದ್ದಾನೆ. ನನ್ನ ಮುಂದಿದ್ದ ಪ್ರತಿಯೇ ಪೂರಾ ಕೆಟ್ಟಿತ್ತು, ಬೇರೆ ಯಾವುದೂ ಸಿಗಲಿಲ್ಲ, ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ ಅಂತ ಬರೆದೆ ಅನ್ನುತ್ತಾನೆ. ನಮ್ಮ ತಾಡೋಲೆಗಳ ಕೊನೆಯಲ್ಲಿ ‘ಬೆನ್ನು ಮುರಿದು, ಕತ್ತು ಬಗ್ಗಿಸಿ ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ ಮಾಡಿ’ ಅಂತ ಇರುತ್ತದಲ್ಲ, ಅದನ್ನು ಓದಿದಾಗ ಆಗುವ ಸಂಕಟವೇ ಇಲ್ಲೂ ಆಗುತ್ತದೆ. ಅಂಥವನೇ ತಪ್ಪಿದೆ ಅಂತ ಹೇಳಿದ ಮೇಲೆ ತಿದ್ದದೇ ಬಿಡುವುದು ಕವಿಗೆ ಮಾಡುವ ಗೌರವ ಅಂತ ನನಗೆ ಅನಿಸುವುದಿಲ್ಲ.

ಆದರೆ ನಿಮ್ಮ ತಕರಾರಿಗೆ ಜಾಗ ಇದೆ. ಇನ್ನೊಬ್ಬ ಲ್ಯಾಟಿನ್ ಕವಿ ಹೊರೇಸ್‌ನ ಒಂದು ಪತ್ರಪದ್ಯದಲ್ಲಿ ಕತೆ ಬರುತ್ತದೆ. ಬಡಕಲು ನರಿಯೊಂದು ಸಣ್ಣ ಸಂದಿನಲ್ಲಿ ನುಗ್ಗಿ ಧಾನ್ಯದ ಕಣಜಕ್ಕೆ ಇಳಿಯುತ್ತದೆ. ತಿಂದು ಹೊಟ್ಟೆ ಊದಿ ಹೊರಗೆ ಬರಲು ಆಗುವುದಿಲ್ಲ. ಎಲ್ಲ ಪ್ರತಿಗಳಲ್ಲೂ ನರಿಯೇ. 1711ರಲ್ಲಿ ಕೇಂಬ್ರಿಜ್‌ನ ರಿಚರ್ಡ್ ಬೆಂಟ್ಲಿ ಕೇಳಿದರು, ನರಿ ಕಾಳು ತಿನ್ನುತ್ತದಾ? ಕಣಜದ ಸಂದಿಯಲ್ಲಿ ನುಗ್ಗುತ್ತದಾ? ‘ವುಲ್ಪೆಕುಲಾ’ ಅಂದರೆ ನರಿ. ಅದು ‘ನಿಟೆಡುಲಾ’ ಇರಬೇಕು ಅಂದರು, ಒಂದು ಜಾತಿಯ ಇಲಿ. ಕೆಲವು ಸಂಪಾದಕರು ಒಪ್ಪಿದರು, ಕೆಲವರು ನರಿಯನ್ನೇ ಉಳಿಸಿದರು.

ಬಿಸಿಲುಮಚ್ಚು

ನಾನು ನರಿ ಕಡೆ. ನೀತಿಕತೆಯಲ್ಲಿ ನರಿ ದ್ರಾಕ್ಷಿಗೂ ಹಾರುತ್ತದೆ, ಕಾಗೆಯ ಜೊತೆ ಮಾತೂ ಆಡುತ್ತದೆ. ಅಲ್ಲಿ ಪ್ರಾಣಿಶಾಸ್ತ್ರ ತಂದು ಕೂರಿಸುವುದು ಸರಿಯಲ್ಲ.

ನೀಲಿಶಾಯಿ

ನನಗೆ ಇಲಿ ಸರಿ ಕಾಣುತ್ತದೆ. ನಿಟೆಡುಲಾ ಅನ್ನುವುದು ಅಪರೂಪದ ಪದವಾದರೆ, ಗೊತ್ತಿಲ್ಲದ ಲಿಪಿಕಾರ ಗೊತ್ತಿರುವ ಪ್ರಾಣಿಯ ಹೆಸರು ಬರೆದಿರುತ್ತಾನೆ. ನಮ್ಮ ಹಾಡಿನಲ್ಲೂ ‘ಎಸಳು ಬಂದಿ’ ಅನ್ನುವ ತೋಳಿನ ಒಡವೆ ಇತ್ತು, ಅಕ್ಕನ ನೋಟ್‌ಬುಕ್‌ನಲ್ಲಿ ಅದು ‘ಹೆಸರು ಬಂದಿ’ ಆಗಿದೆ. ಒಡವೆ ಯಾವುದು ಅಂತ ಅವಳಿಗೆ ಗೊತ್ತಿರಲಿಲ್ಲ, ಪಾಪ.

ಓಲೆಗರಿ

ನೀಲಿಶಾಯಿ ಹೇಳಿದ್ದು ಈ ಶಾಸ್ತ್ರದ ಹೆಸರುವಾಸಿ ಸೂತ್ರ. ಎರಡು ಪಾಠ ಇದ್ದರೆ ಕ್ಲಿಷ್ಟವಾದದ್ದೇ ಹಳೆಯದು ಅನ್ನುತ್ತಾರೆ. ನಕಲು ಮಾಡುವವರು ಸುಲಭದ ಕಡೆ ಜಾರುತ್ತಾರೆ, ಕಷ್ಟದ ಕಡೆ ಅಲ್ಲ. ಆದರೂ ಇದು ಕಣ್ಣು ಮುಚ್ಚಿ ಹಚ್ಚುವ ಸೂತ್ರ ಅಲ್ಲ, ಎಷ್ಟೋ ಸಲ ಕ್ಲಿಷ್ಟ ಪಾಠ ಅನ್ನುವುದು ಬರೀ ತಪ್ಪೇ ಆಗಿರುತ್ತದೆ. ನರಿಯ ವಿಷಯದಲ್ಲಿ ನನ್ನ ಮನಸ್ಸು ಬಿಸಿಲುಮಚ್ಚು ಅವರ ಕಡೆಗೇ ಇದೆ.

ಮುಖ್ಯವಾದ ಮಾತು ಇದು. ಬೆಂಟ್ಲಿ ಹೊರೇಸ್‌ನಲ್ಲಿ 700ಕ್ಕೂ ಜಾಸ್ತಿ ಕಡೆ ಕೈ ಆಡಿಸಿದರು. ಆದರೆ ಎಲ್ಲಿ ಬದಲಿಸಿದೆ, ಯಾಕೆ ಅಂತ ಬರೆದಿಟ್ಟರು. ಇವತ್ತಿನ ಒಳ್ಳೇ ಆವೃತ್ತಿಯಲ್ಲೂ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಪಾಠಾಂತರ ಇರುತ್ತದೆ, ಯಾವ ಪ್ರತಿಯಲ್ಲಿ ಏನಿದೆ, ಯಾರ ಊಹೆ ಏನು ಅಂತ. ನೀವು ಸಂಪಾದಕರನ್ನು ಒಪ್ಪದೇ ಇರಲು ಬೇಕಾದ ಸಾಮಾನನ್ನು ಅವರೇ ನಿಮ್ಮ ಕೈಗೆ ಕೊಟ್ಟಿರುತ್ತಾರೆ. ಸಂಪಿಗೆಮರ ಅವರೇ, ನಿಮ್ಮ ನಂಬೋದು ಹೇಗೆ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಅದು. ಮೇಲಿನ ಪುಟವನ್ನು ಅಡಿಯ ಸಾಲುಗಳ ಜೊತೆ ಸೇರಿಸಿ ಓದಿ. ಅಡಿಯಲ್ಲಿ ಏನೂ ಕೊಡದೆ ‘ಶುದ್ಧ ಪಾಠ’ ಅಂತ ಅಚ್ಚು ಹಾಕಿದ ಪುಸ್ತಕ ಕಂಡರೆ ನನಗೆ ಅನುಮಾನ ಬರುತ್ತದೆ.

ಕರಾವಳಿಗಾಳಿ

ಇಷ್ಟು ಹೇಳಿದ ಮೇಲೆ ಕೇಳದೇ ಇರಲು ಆಗುವುದಿಲ್ಲ. ಈಜಿಪ್ಟಿನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಇದೆ ಅಂತ ಶಾಲೆಯಿಂದ ಕೇಳಿಕೊಂಡು ಬಂದಿದ್ದೇವೆ. ಅದಕ್ಕೂ ಈ ತಕ್ಕಡಿಯನ್ನೇ ಹಿಡಿದರೆ ಏನಾಗುತ್ತದೆ?

ಓಲೆಗರಿ

ಹಿಡಿಯಲೇಬೇಕು. ಆಕ್ಸಿರಿಂಕಸ್ ಅನ್ನುವ ಊರಿನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದು ತೆಗೆದ ಪಪೈರಸ್‌ಗಳಲ್ಲಿ ಅದು 413ನೆಯದು. ಪ್ರಕಟವಾದದ್ದು 1903ರಲ್ಲಿ. ಬರಹ ಕ್ರಿಸ್ತಶಕ 2ನೇ ಶತಮಾನದ್ದು. ಹಿಂದೂ ಮಹಾಸಾಗರದ ದಡದಲ್ಲಿ ಎಲ್ಲೋ ಸಿಕ್ಕಿಬಿದ್ದ ಚಾರಿಷನ್ ಅನ್ನುವ ಗ್ರೀಕ್ ಹುಡುಗಿಯನ್ನು ಅವಳ ಅಣ್ಣ ಬಿಡಿಸಿಕೊಂಡು ಹೋಗಲು ಬರುತ್ತಾನೆ. ಅಲ್ಲಿನ ರಾಜನಿಗೆ, ಅವನ ಕಡೆಯವರಿಗೆ ಚೆನ್ನಾಗಿ ಕುಡಿಸಿ ಪಾರಾಗುತ್ತಾರೆ. ಎಲ್ಲಿ ಡೋಲು ಬಡಿಯಬೇಕು ಅನ್ನುವ ಗುರುತೂ ಇದೆ. ಅಲ್ಲಿನ ಜನ ಆಡುವ ಮಾತು ಗ್ರೀಕ್ ಅಲ್ಲ.

1904ರಲ್ಲಿ ಹುಲ್ಶ್ ಅನ್ನುವ ಜರ್ಮನ್ ವಿದ್ವಾಂಸರು ಅದು ಕನ್ನಡ ಅಂದರು. ನಮ್ಮ ಆರ್. ಶಾಮಾಶಾಸ್ತ್ರಿಗಳು ಬೆಂಬಲಿಸಿದರು, ಗೋವಿಂದ ಪೈಗಳೂ ಬರೆದರು. 1926ರಲ್ಲಿ ಎಲ್.ಡಿ. ಬಾರ್ನೆಟ್ ಒಪ್ಪುವುದಿಲ್ಲ ಅಂತ ಬರೆದರು.

ಈಗ ಒಂದು ಸಾಲು ಹತ್ತಿರದಿಂದ ನೋಡಿ. ಪಪೈರಸ್ ಮೇಲೆ ಇರುವುದು ಹೆಚ್ಚುಕಡಿಮೆ ‘ಬೆರೆ ಕೊಂಜೆಯಿ ದಮುನ್ ಪೆತ್ರೆಕಿಯೊ’. ಇದನ್ನು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಅಂತ ಓದಿದ್ದಾರೆ. ಕುಡಿತದ ದೃಶ್ಯಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ದಮು ಅನ್ನುವುದು ಮಧು ಆಗಬೇಕಾದರೆ ಅಕ್ಷರ ಅದಲುಬದಲು ಮಾಡಬೇಕು. ಪದ ಬಿಡಿಸುವುದೂ ನಾವೇ, ಆಗಿನ ಬರಹದಲ್ಲಿ ಪದಗಳ ನಡುವೆ ಜಾಗವೇ ಬಿಡುತ್ತಿರಲಿಲ್ಲ. ಇನ್ನು ಹಳಗನ್ನಡದಲ್ಲಿ ಪಕಾರ ಇದ್ದ ಎಷ್ಟೋ ಪದಗಳು ಹಕಾರಕ್ಕೆ ತಿರುಗಿದ್ದು ಸುಮಾರು 10ನೇ ಶತಮಾನದ ಆಮೇಲೆ. 2ನೇ ಶತಮಾನದ ಬಾಯಲ್ಲಿ ‘ಹಾಕಿ’ ಬರುವುದು ಕಷ್ಟ. ಇವೆಲ್ಲ ಸಂಪಾದಕರ ಊಹೆ, ಅಡಿಟಿಪ್ಪಣಿಯಲ್ಲಿ ಇರಬೇಕಾದದ್ದು. ನಾವು ಅದನ್ನು ಮೇಲೆ ತಂದು ಸಾಲು ಮಾಡಿಬಿಟ್ಟಿದ್ದೇವೆ.

ಅಲ್ಲಿ ದ್ರಾವಿಡ ಮಾತಿನ ಸದ್ದು ಇರಬಹುದು ಅನ್ನುವ ಆ ಸಾಧ್ಯತೆಯೇ ನನಗೆ ರೋಮಾಂಚನ ತರುತ್ತದೆ. ಆ ಕಾಲದಲ್ಲಿ ನಮ್ಮ ಕರಾವಳಿಗೂ ಈಜಿಪ್ಟಿಗೂ ಹಡಗು ಓಡಾಡುತ್ತಿತ್ತು, ಅದರಲ್ಲಿ ಸಂಶಯ ಇಲ್ಲ. ಕನ್ನಡ ಇದ್ದರೆ ನನಗಿಂತ ಜಾಸ್ತಿ ಸಂತೋಷಪಡುವವರು ಯಾರೂ ಇಲ್ಲ. ಹೊರೇಸ್‌ನ ನರಿಗೆ ಒಂದು ನ್ಯಾಯ, ನಮ್ಮ ಮಧುವಿಗೆ ಒಂದು ನ್ಯಾಯ ಮಾಡಲು ಮಾತ್ರ ಆಗುವುದಿಲ್ಲ.

ಕರಾವಳಿಗಾಳಿ

ಸ್ವಲ್ಪ ಬೇಜಾರಾಯಿತು, ನಿಜ ಹೇಳಬೇಕೆಂದರೆ. ಆದರೆ ಪಪೈರಸ್ ಮೇಲಿರುವ ಅಕ್ಷರ ಯಾವುದು, ನಾವು ಸೇರಿಸಿದ್ದು ಯಾವುದು ಅಂತ ಇವತ್ತೇ ಮೊದಲು ತಿಳಿದದ್ದು. ಅದನ್ನು ಇನ್ನೊಮ್ಮೆ ನಿಧಾನವಾಗಿ ಓದುತ್ತೇನೆ.

ನೀಲಿಶಾಯಿ

ಎರಡು ದಿನ ಆದ ಮೇಲೆ ಬಂದೆ. ಈ ಚರ್ಚೆ ಓದಿ ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. ನಿಮ್ಮ ನೋಟ್‌ಬುಕ್‌ನಲ್ಲಿ ಮಲ್ಲಿಗೆ ದಂಡೆಯ ನುಡಿ ಬಿಟ್ಟುಹೋಗಿದೆ ಚಿಕ್ಕಮ್ಮ ಅಂದೆ. ಬಿಟ್ಟಿಲ್ಲ ಕಣೇ, ನಮ್ಮತ್ತೆ ಊರಿನಲ್ಲಿ ಆ ನುಡಿ ಹಾಡುವುದೇ ಇಲ್ಲ, ಹಾಗಾಗಿ ಬೇಕಂತಲೇ ಬರೆಯಲಿಲ್ಲ ಅಂದರು! ನಾನು ಕಣ್ಣು ಜಿಗಿದಿದೆ ಅಂತ ಎಷ್ಟು ಧೈರ್ಯವಾಗಿ ಬರೆದಿದ್ದೆ. ಈಗ ಯಾವುದು ಸರಿ?

ಓಲೆಗರಿ

ಎರಡೂ ಸರಿ. ಹಾಡಿಗೆ ಬಂದರೆ ನನ್ನ ವಂಶವೃಕ್ಷ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಮೂರೂ ಚಿಕ್ಕಮ್ಮನ ಕಡೆಯವು ಅನ್ನುವುದು ಹೇಗೂ ನಿಜ, ಆದರೆ ಅದನ್ನು ತಪ್ಪು ಅಂತ ಕರೆದದ್ದು ನಾವು.

ಹೋಮರನದ್ದೂ ಇದೇ ಪಾಡು. ಕ್ರಿಸ್ತಪೂರ್ವ 3ನೇ ಶತಮಾನದ ಪಪೈರಸ್ ತುಂಡುಗಳಲ್ಲಿ ಈಗಿನ ಇಲಿಯಡ್‌ನಲ್ಲಿ ಇಲ್ಲದ ಸಾಲುಗಳು ಬರುತ್ತವೆ. ಅಲೆಕ್ಸಾಂಡ್ರಿಯಾದ ಪಂಡಿತರು, ಝೆನೊಡೋಟಸ್, ಆಮೇಲೆ ಅರಿಸ್ಟಾರ್ಕಸ್, ತಮಗೆ ಅನುಮಾನ ಬಂದ ಸಾಲಿನ ಪಕ್ಕ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಅನುಮಾನ ಇದೆ ಅಂತ ಗುರುತು ಮಾಡಿಯೂ ಸಾಲನ್ನು ಅಲ್ಲೇ ಬಿಡುತ್ತಿದ್ದರು. ವೆನಿಸ್ಸಿನಲ್ಲಿ 10ನೇ ಶತಮಾನದ ಇಲಿಯಡ್ ಪ್ರತಿಯೊಂದಿದೆ. ಅದರ ಅಂಚಿನಲ್ಲಿ ಆ ಗೆರೆಗಳು, ಆ ಪಂಡಿತರು ಒಬ್ಬರನ್ನೊಬ್ಬರು ಒಪ್ಪದ ಮಾತುಗಳು, ಎಲ್ಲವೂ ಇವೆ. ಹಾಡಿಕೊಂಡು ಬಂದ ಕಾವ್ಯಕ್ಕೆ ಮೂಲ ಪ್ರತಿ ಒಂದೇ ಇರಬೇಕು ಅಂತೇನಿಲ್ಲ.

ಆ ನುಡಿಯನ್ನು ತೆಗೆಯಬೇಡಿ. ಪಕ್ಕದಲ್ಲಿ ಬರೆದಿಡಿ, ಯಾವ ಊರಿನಲ್ಲಿ ಹಾಡುತ್ತಾರೆ, ಯಾವ ಊರಿನಲ್ಲಿ ಹಾಡುವುದಿಲ್ಲ ಅಂತ.

ನೀಲಿಶಾಯಿ

ಹಾಗೇ ಮಾಡಿದೆ. ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಚಿಕ್ಕಮ್ಮನ ಅತ್ತೆಯ ಊರಿನ ಹೆಸರು ಬರೆದಿದ್ದೇನೆ. ಎಸಳು ಬಂದಿಯನ್ನೂ ಸರಿ ಮಾಡಿ, ಅಕ್ಕನ ‘ಹೆಸರು ಬಂದಿ’ಯನ್ನು ಪಕ್ಕದಲ್ಲಿ ಉಳಿಸಿದ್ದೇನೆ.